ಮಲೆನಾಡಿನ ಸಿನಿಮಾಗಳು: ಎರಡರಲ್ಲಿ ಯಾವುದನ್ನು ಮೊದಲು ನೋಡುವುದು?

ಈ ವರ್ಷ ನಾನು ನೋಡಿದ್ದರಲ್ಲಿ ಹೆಚ್ಚಿನವು ನಮ್ಮ ಸೀಮೆಯ ಸಿನಿಮಾಗಳೇ. ಕೆಲವು ನಾನು ಹುಟ್ಟುವ ಮೊದಲು ಬಂದವು, ಕೆಲವು ಮೊನ್ನೆ ಮೊನ್ನೆ ಶಿವಮೊಗ್ಗದ ಟಾಕೀಸುಗಳಲ್ಲಿ ಒಂದೆರಡು ವಾರ ನಿಂತು ಹೋದವು. ಇದನ್ನು ಗೊತ್ತುಮಾಡಿಕೊಂಡ ನೆಂಟರು, ಜೊತೆ ಕೆಲಸದವರು ಎಲ್ಲ ಕೇಳುವುದು ಒಂದೇ ಮಾತು: "ಅಷ್ಟೂ ನೋಡಕ್ಕೆ ಪುರುಸೊತ್ತು ಯಾರಿಗಿದೆ ಮಾರಾಯ್ರೆ? ಇದೋ ಅದೋ, ಒಂದು ಹೇಳಿ." ಹಾಗಾಗಿ ಹತ್ತಕ್ಕೆ ಎಷ್ಟು ಅಂಕ ಎಂದು ಕೊಡುವ ಗೋಜಿಗೆ ಹೋಗದೆ, ಹತ್ತಿರದ ಸಂಬಂಧವಿರುವ ಚಿತ್ರಗಳನ್ನು ಎರಡೆರಡಾಗಿ ಇಟ್ಟು ನನ್ನ ಒಲವು ಯಾವ ಕಡೆ ಅಂತ ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಲೆನಾಡಿನ ಸಿನಿಮಾ ಅಂದಾಗ ನನಗೊಂದು ಖಾಯಂ ಪ್ರಶ್ನೆ ಇದೆ. ಚಿತ್ರದೊಳಗೆ ಮಳೆ ಬಂದಾಗ ಯಾರ ಕೆಲಸ ಕೆಡುತ್ತದೆ? ಆರಿದ್ರಾ ಮಳೆ ಹಿಡಿಯಿತು ಅಂದರೆ ಅಡಿಕೆ ತೋಟಕ್ಕೆ ಹೊಡೆದ ಬೋರ್ಡೋ ಔಷಧಿ ತೊಳೆದು ಹೋಯಿತಾ, ಕಾಯಿಗೆ ಕೊಳೆ ರೋಗ ಬಂತಾ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಇನ್ನೊಂದು ಸಲ ಸಿಗುತ್ತಾನಾ ಎಂಬ ಚಿಂತೆ ಶುರುವಾಗುವ ಊರಿನವರು ನಾವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಈ ಮಳೆಯನ್ನು ಹೊರಗಿನಿಂದ ಬಂದ ಚಿತ್ರತಂಡಗಳು ಬಹಳ ಸಲ ನಾಯಕಿಯ ಮುಂಗುರುಳು ನೆನೆಸಲಿಕ್ಕೆ ಮಾತ್ರ ಬಳಸಿವೆ. ಅದರಲ್ಲಿ ತಪ್ಪೇನಿಲ್ಲ, ಚಂದವೇ ಕಾಣುತ್ತದೆ. ಆದರೆ ಅಂಥ ಸಿನಿಮಾವನ್ನು ಸಕಲೇಶಪುರದಲ್ಲಿ ತೆಗೆದರೂ ಸರಿ, ಊಟಿಯಲ್ಲಿ ತೆಗೆದರೂ ಸರಿ. ಕಥೆಯ ಜನರ ಮೇಲೆ ಊರು ಏನನ್ನಾದರೂ ಮಾಡುತ್ತಿದೆಯೇ ಎಂಬುದನ್ನು ನಾನು ನೋಡುತ್ತೇನೆ.

ದ್ವೀಪವೋ, ಮುಂಗಾರು ಮಳೆಯೋ?

ಎರಡರಲ್ಲೂ ಮೊದಲಿನಿಂದ ಕೊನೆಯವರೆಗೂ ಮಳೆ. ಹೋಲಿಕೆ ಅಲ್ಲಿಗೇ ಮುಗಿಯಿತು ಅನ್ನಿಸಬಹುದು. ನನಗೆ ಮಾತ್ರ ಇವೆರಡನ್ನು ಒಟ್ಟಿಗೆ ನೋಡಿದ್ದು ಈ ವರ್ಷದ ಅತಿ ಒಳ್ಳೆಯ ಜೋಡಣೆ.

ಗಿರೀಶ ಕಾಸರವಳ್ಳಿಯವರ 'ದ್ವೀಪ' ನಮ್ಮ ಸಾಗರದ ನಾ. ಡಿಸೋಜರ ಕಾದಂಬರಿಯಿಂದ ಬಂದದ್ದು. ಡಿಸೋಜ ಶರಾವತಿ ಯೋಜನೆಯ ಕೆಲಸದಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು. ಅಣೆಕಟ್ಟಿನ ನೀರು ಏರುತ್ತಿದೆ, ಊರವರೆಲ್ಲ ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ, ಗುಡ್ಡದ ಮೇಲಿನ ದೇವಸ್ಥಾನ ನೋಡಿಕೊಂಡಿರುವ ಒಂದು ಬಡ ಸಂಸಾರ ಮಾತ್ರ ಬಿಟ್ಟು ಹೋಗಲಾರದೆ ಉಳಿಯುತ್ತದೆ. ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ನಾಗಿಯಾಗಿ ಸೌಂದರ್ಯ. ಆ ಚಿತ್ರದ ನಿರ್ಮಾಪಕಿಯೂ ಅವರೇ. ತೆಲುಗಿನಲ್ಲಿ ದೊಡ್ಡ ದೊಡ್ಡ ನಾಯಕರ ಜೊತೆ ಹಾಡಿ ಕುಣಿಯುತ್ತಿದ್ದ ತಾರೆ, ಸ್ವಂತ ದುಡ್ಡು ಹಾಕಿ, ಒದ್ದೆ ಸೀರೆಯಲ್ಲಿ ಕೆಸರು ತುಳಿಯುವ ಪಾತ್ರ ಆರಿಸಿಕೊಂಡರು. ಚಿತ್ರಕ್ಕೆ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. 2004ರಲ್ಲಿ ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡರು ಎಂಬುದು ನೆನಪಿದ್ದು ನೋಡುವಾಗ ಕೆಲವು ಕಡೆ ಗಂಟಲು ಕಟ್ಟುತ್ತದೆ.

ನಾನು ಇದನ್ನು ನಮ್ಮ ಬೀದಿಯ ದೊಡ್ಡಮ್ಮ ಒಬ್ಬರ ಜೊತೆ ಕೂತು ನೋಡಿದೆ. ಅವರ ತವರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಇದೆ. ಸಿನಿಮಾ ಓಡುವಷ್ಟು ಹೊತ್ತೂ ಅವರು ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಡುವೆ ಒಮ್ಮೆ ಮಾತ್ರ, "ನಮ್ಮನೇಲಿ ಹೆಂಚು ಮೊದ್ಲೇ ಇಳಿಸಿದ್ರು ಕಣೋ, ಹೊಸ ಮನೆಗೆ ಬೇಕಲ್ಲ ಅಂತ. ಲಾರಿ ಬರೋದು ನಾಲ್ಕು ದಿನ ತಡ ಆಯ್ತು. ಅಷ್ಟೂ ದಿನ ಮಳೆ ಒಳಗೇ ಬಿತ್ತು" ಅಂದರು. ಆಮೇಲೆ ಮತ್ತೆ ಪರದೆ ನೋಡತೊಡಗಿದರು. ಸಿನಿಮಾ ಮುಗಿದ ಮೇಲೆ ಅವರಿಗೆ ಸಿಟ್ಟು ಬಂದದ್ದು ಸರ್ಕಾರದ ಮೇಲೂ ಅಲ್ಲ, ನೀರಿನ ಮೇಲೂ ಅಲ್ಲ. ಗಣಪನ ಮೇಲೆ! ರಾತ್ರಿಯಿಡೀ ಬೆಂಕಿ ಹಿಡಿದು ನಿಂತು ಮನೆ ಕಾದವಳು ನಾಗಿ, ಆ ಉಪಕಾರವನ್ನು ಗಣಪ ಯಾರ ಲೆಕ್ಕಕ್ಕೆ ಬರೆಯುತ್ತಾನೆ ಎಂಬುದನ್ನು ನೀವೇ ನೋಡಿ. ಮುಳುಗಡೆಯ ಸಿನಿಮಾ ಅಂದುಕೊಂಡು ಕೂತವರಿಗೆ ಕಾಸರವಳ್ಳಿ ಕೊನೆಯಲ್ಲಿ ಸಂಸಾರದ ಸಿನಿಮಾ ತೋರಿಸುತ್ತಾರೆ.

'ಮುಂಗಾರು ಮಳೆ' ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? 2006ರ ಡಿಸೆಂಬರ್ ಕೊನೆಗೆ ಬಂತು, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ಮೀರಿ ಓಡಿತು, ಮನೋಮೂರ್ತಿ ಸಂಗೀತ ಮತ್ತು ಜಯಂತ ಕಾಯ್ಕಿಣಿ ಸಾಹಿತ್ಯ ಇವತ್ತಿಗೂ ಮದುವೆ ಮನೆಗಳಲ್ಲಿ ಕೇಳಿಸುತ್ತದೆ. ಯೋಗರಾಜ ಭಟ್ಟರ ಮಾತುಗಳು ಈಗಲೂ ಹಳಸಿಲ್ಲ. ಗಣೇಶ್ ಒಬ್ಬನೇ ಮೊಲದ ಜೊತೆ ಮಾತಾಡುವ ಕಡೆಯಂತೂ ನಾನು ಮತ್ತೆ ನಕ್ಕೆ. ಆದರೆ ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಅಷ್ಟು ಮಳೆಯಲ್ಲೂ ಒಬ್ಬರ ಕೆಲಸವೂ ಕೆಡುವುದಿಲ್ಲ, ಪ್ರೀತಿಯೊಂದನ್ನು ಬಿಟ್ಟು.

ಎರಡನ್ನೂ ಹತ್ತಿರ ಹತ್ತಿರ ನೋಡಿದರೆ ಇನ್ನೊಂದು ಸಂಗತಿ ತಲೆಗೆ ಹೊಕ್ಕು ಕೂರುತ್ತದೆ. 'ಮುಂಗಾರು ಮಳೆ'ಯಲ್ಲಿ ಕಾಣುವ ಜೋಗದಲ್ಲಿ ಈಗ ನಾವು ನೋಡುವ ನೀರು ಎಷ್ಟು ಎಂಬುದು ಮೇಲಿನ ಲಿಂಗನಮಕ್ಕಿಯ ಕೈಯಲ್ಲಿದೆ. ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಮಟ್ಟ ನೋಡುತ್ತೇವೆ, 1819 ಅಡಿಗೆ ಹತ್ತಿರ ಬಂದರೆ ಗೇಟು ತೆಗೆಯುತ್ತಾರಂತೆ ಎಂದು ಕಾರು ಹೊರಡಿಸುತ್ತೇವೆ. ಡಿಸೋಜ ಬರೆದ ಮುಳುಗಡೆಯೂ 'ಮುಂಗಾರು ಮಳೆ'ಯ ಜೋಗವೂ ಒಂದೇ ಹೊಳೆಯ ಕಟ್ಟೆಯ ಮೇಲೊಂದು ಕೆಳಗೊಂದು ಇರುವ ಕಥೆಗಳು. ದೊಡ್ಡಮ್ಮನಿಗೆ ಹೇಳಿದೆ. "ನಾವು ಜೋಗಕ್ಕೆ ಹೋಗಲ್ಲ" ಅಂದರು.

ಆಯ್ಕೆ: ಮನೆ ತುಂಬ ಜನ ಇದ್ದಾರೆ, ಬೋಂಡ ಕರಿಯುತ್ತಿದ್ದಾರೆ ಎಂದರೆ ಮುಂಗಾರು ಮಳೆ. ಒಬ್ಬರೋ ಇಬ್ಬರೋ ಇದ್ದಾಗ ದ್ವೀಪ. ಜೀವನದಲ್ಲಿ ಒಂದೇ ಎಂದಾದರೆ ಕಣ್ಣುಮುಚ್ಚಿ ದ್ವೀಪ.

ಸಂಸ್ಕಾರವೋ, ಘಟಶ್ರಾದ್ಧವೋ?

ಎರಡೂ ಅನಂತಮೂರ್ತಿಯವರ ಬರಹದಿಂದ ಬಂದವು, ಎರಡೂ ಕಪ್ಪು ಬಿಳುಪು, ಎರಡಕ್ಕೂ ಸ್ವರ್ಣಕಮಲ. ಎರಡೂ ಅಗ್ರಹಾರದೊಳಗಿನ ಕಥೆ. ಆದ್ದರಿಂದಲೇ ಹೆಚ್ಚಿನವರು ಒಂದನ್ನು ನೋಡಿ ಇನ್ನೊಂದೂ ಅದೇ ಇರಬೇಕು ಎಂದು ಬಿಟ್ಟುಬಿಡುತ್ತಾರೆ. ನೋಡುವ ಅನುಭವದಲ್ಲಿ ಇವು ತೀರ ಬೇರೆ.

1970ರ 'ಸಂಸ್ಕಾರ'ದಲ್ಲಿ ಮಾತೇ ಮುಖ್ಯ. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಶೃಂಗೇರಿ ಕಡೆಯ ಹಳ್ಳಿಯಲ್ಲಿ ಚಿತ್ರೀಕರಣ, ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕನ್ನಡದ ಇಷ್ಟು ದೊಡ್ಡ ತಲೆಗಳು ಒಂದೇ ಚೌಕಟ್ಟಿನಲ್ಲಿ ಸಿಗುವುದು ಅಪರೂಪ. ಸೆನ್ಸಾರಿನವರು ಮೊದಲು ತಡೆದೇಬಿಟ್ಟಿದ್ದರು. ಆಚಾರ ಬಿಟ್ಟವನೊಬ್ಬ ಸತ್ತಿದ್ದಾನೆ, ಅವನ ಹೆಣ ಸುಡುವವರು ಯಾರು ಎಂಬುದು ತೀರ್ಮಾನ ಆಗುವವರೆಗೂ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಧರ್ಮಶಾಸ್ತ್ರದ ಚರ್ಚೆ ಅಷ್ಟು ಬಿಸಿಯಾಗಿ ನಡೆಯುತ್ತಿದ್ದರೆ ಒಳಗೆ ಎಲ್ಲರ ಹೊಟ್ಟೆ ಕೂಗುತ್ತಿರುತ್ತದೆ. ಚಂದ್ರಿ ಮೈಮೇಲಿನ ಚಿನ್ನ ತೆಗೆದು ಇಟ್ಟ ಮೇಲೆ ಚರ್ಚೆಯ ದಿಕ್ಕು ಹೇಗೆ ತಿರುಗುತ್ತದೆ ಎಂಬುದನ್ನು ನೋಡುತ್ತ ನಮ್ಮೂರಿನ ಎಷ್ಟೋ ಪಂಚಾಯ್ತಿಗಳು ನೆನಪಾದವು. ಇಲ್ಲಿ ಮಳೆಯ ಜಾಗದಲ್ಲಿ ಹಸಿವು ನಿಂತು ಕೆಲಸ ಮಾಡಿದೆ.

ದೂರು ಒಂದಿದೆ. ಆಚಾರ್ಯರು ಊರು ಬಿಟ್ಟು ಹೊರಟ ಮೇಲಿನ ಭಾಗ ಕಾದಂಬರಿಯಲ್ಲಿ ಒಳಮನಸ್ಸಿನೊಳಗೆ ನಡೆಯುತ್ತದೆ. ತೆರೆಯ ಮೇಲೆ ಕಾರ್ನಾಡರ ಮುಖ ಎಷ್ಟು ಹೇಳಿದರೂ ಸಾಲದು. ಪುಸ್ತಕ ಓದಿದವರಿಗೆ ಅಲ್ಲಿ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ.

1977ರ 'ಘಟಶ್ರಾದ್ಧ' ಕಾಸರವಳ್ಳಿಯವರ ಮೊದಲ ಕಥಾಚಿತ್ರ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಹುಡುಗ ಪುಣೆಯಲ್ಲಿ ಸಿನಿಮಾ ಕಲಿತು ಬಂದು, ಇಪ್ಪತ್ತೇಳು ತುಂಬುವ ಹೊತ್ತಿಗೆ ಮಾಡಿದ್ದು. ವೇದಪಾಠ ಕಲಿಯಲು ಬಂದ ನಾಣಿ ಎಂಬ ಪುಟ್ಟ ಮಾಣಿಯ ಕಣ್ಣಿನಿಂದ ಎಲ್ಲವನ್ನೂ ನೋಡುತ್ತೇವೆ. ಗುರುಗಳ ವಿಧವೆ ಮಗಳು ಯಮುನಕ್ಕ ಬಸುರಿ ಎಂಬುದು ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ. ದೊಡ್ಡ ಹುಡುಗರು ಹಂಗಿಸುವುದು, ಹಿರಿಯರು ಪಿಸುಗುಡುವುದು, ಯಮುನಕ್ಕ ಕಾಡಿನಲ್ಲಿ ಹುತ್ತದ ಕಡೆ ಹೋಗುವುದು, ಎಲ್ಲ ಅವನಿಗೆ ಬರೀ ಭಯ. ನೋಡುವ ನಮಗೆ ಮಾತ್ರ ಪೂರ್ತಿ ಗೊತ್ತಿರುತ್ತದೆ. ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುವ ಹೊತ್ತಿಗೆ ನಾವೂ ಆ ಹುಡುಗನಷ್ಟೇ ಅಸಹಾಯಕರಾಗಿ ಕೂತಿರುತ್ತೇವೆ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಕಾಡಿನೊಳಗಿನ ಕತ್ತಲೆಯನ್ನು ಹಿಡಿದಷ್ಟು ಚೆನ್ನಾಗಿ ಕನ್ನಡದಲ್ಲಿ ಆಮೇಲೆ ಬಣ್ಣ ಬಂದ ಮೇಲೂ ಯಾರೂ ಹಿಡಿದಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ಬಿ.ವಿ. ಕಾರಂತರ ಸಂಗೀತ ಬೇಕಾದಲ್ಲಿ ಬಂದು, ಬೇಡವಾದಲ್ಲಿ ಸುಮ್ಮನಿರುತ್ತದೆ.

ಒಂದು ಎಚ್ಚರಿಕೆ. ಹಳೆಯ ಮಾಸಿದ ಪ್ರತಿಯಲ್ಲಿ ಘಟಶ್ರಾದ್ಧ ನೋಡಿದರೆ ಆ ಕತ್ತಲೆ ಬರೀ ಕಪ್ಪು ಮಸಿಯಾಗಿ ಕಾಣುತ್ತದೆ. ಚಿತ್ರವನ್ನು ಈಗ 4ಕೆಯಲ್ಲಿ ಪುನರುಜ್ಜೀವನಗೊಳಿಸಿದ್ದಾರೆ, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೋರಿಸಲ್ಪಟ್ಟಿತು. ಆ ಪ್ರತಿ ಎಲ್ಲಾದರೂ ಪ್ರದರ್ಶನವಾದರೆ ರಜೆ ಹಾಕಿಯಾದರೂ ಹೋಗಿ. ಮನೆಯಲ್ಲೇ ಆದರೆ ರಾತ್ರಿ ದೀಪ ಆರಿಸಿ, ಫೋನಿನಲ್ಲಂತೂ ಬೇಡ.

ಆಯ್ಕೆ: ವಾದ ವಿವಾದ ಇಷ್ಟವಿರುವವರಿಗೆ, ಸಿನಿಮಾ ಮುಗಿದ ಮೇಲೆ ಚಾ ಕುಡಿಯುತ್ತ ಜಗಳ ಆಡುವ ಗೆಳೆಯರಿರುವವರಿಗೆ ಸಂಸ್ಕಾರ. ನನ್ನ ಮತ ಘಟಶ್ರಾದ್ಧಕ್ಕೆ. ಆದರೆ ಒಂದರ ಮರುದಿನವೇ ಇನ್ನೊಂದು ನೋಡಬೇಡಿ, ಮನಸ್ಸು ಕೆಡುತ್ತದೆ.

ತೇಜಸ್ವಿ: ತಬರನ ಕಥೆಯೋ, ಡೇರ್‌ಡೆವಿಲ್ ಮುಸ್ತಾಫಾವೋ?

ತೇಜಸ್ವಿಯವರ ಓದುಗರಲ್ಲಿ ಎರಡು ಪಂಗಡ. ನಗಿಸುವ ತೇಜಸ್ವಿ ಬೇಕೆನ್ನುವವರು, ಸಿಟ್ಟಿನ ತೇಜಸ್ವಿ ಬೇಕೆನ್ನುವವರು. ಸಿನಿಮಾದಲ್ಲಿ ಈ ಎರಡೂ ಬೇರೆ ಬೇರೆ ಸಿಗುತ್ತವೆ.

'ತಬರನ ಕಥೆ' ಕಾಸರವಳ್ಳಿಯವರದೇ. ನಿವೃತ್ತ ನೌಕರ ತಬರಸೆಟ್ಟಿ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿ ಅಪ್ಪಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿದೆ. ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಅವರು ಕಚೇರಿಯ ಬಾಗಿಲಲ್ಲಿ ನಿಲ್ಲುವ ಭಂಗಿ ನೋಡಿ. ಒಳಗೆ ಬಾ ಎಂದು ಯಾರೂ ಹೇಳಿಲ್ಲ, ಹೋಗು ಎಂದೂ ಹೇಳಿಲ್ಲ. ತಾಲ್ಲೂಕು ಕಚೇರಿಗೆ ಪಹಣಿ ತಿದ್ದಿಸಲು, ಬಗರ್‌ಹುಕುಂ ಅರ್ಜಿ ಎಲ್ಲಿಗೆ ಬಂತು ಕೇಳಲು ಹೋದ ಯಾರಿಗಾದರೂ ಆ ನಿಲುವು ಗೊತ್ತು. "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಬನ್ನಿ" ಎಂಬ ಮಾತು ಬಂದಾಗ ನಾನು ನಗಬೇಕೋ ಅಳಬೇಕೋ ಎಂಬಂತಾಗಿ ಕೂತಿದ್ದೆ.

2023ರ 'ಡೇರ್‌ಡೆವಿಲ್ ಮುಸ್ತಾಫಾ' ಶಶಾಂಕ್ ಸೋಗಾಲ್ ನಿರ್ದೇಶನದ ಚಿತ್ರ. ತೇಜಸ್ವಿ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿದ್ದು. ಅಬಚೂರಿನ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಸೇರುತ್ತಾನೆ, ಉಳಿದವರು ಅವನ ಬಗ್ಗೆ ಕಟ್ಟಿಕೊಂಡ ಕಲ್ಪನೆಗಳೆಲ್ಲ ಒಂದೊಂದಾಗಿ ಬಿದ್ದುಹೋಗುತ್ತವೆ. ಹೆಚ್ಚು ಕಡಿಮೆ ಹೊಸಬರೇ ಇರುವ ಹುಡುಗರ ದಂಡು, ನಡುನಡುವೆ ಕಾಮಿಕ್ಸ್ ಥರದ ಚಿತ್ರಗಳು, ಕ್ರಿಕೆಟ್ ಪಂದ್ಯ. ಸಣ್ಣ ಕಥೆಯನ್ನು ಹಿಗ್ಗಿಸಿದ್ದು ಕೆಲವು ಕಡೆ ಗೊತ್ತಾಗುತ್ತದೆ, ಪಂದ್ಯವೂ ಸ್ವಲ್ಪ ಉದ್ದವಾಯಿತು. ಇರಲಿ. ಇವತ್ತಿನ ದಿನ ಶಿವಮೊಗ್ಗದಂಥ ಊರಿನಲ್ಲಿ ಕೂತು ಈ ಸಿನಿಮಾ ನೋಡುವುದಕ್ಕೆ ಬೇರೆಯೇ ಅರ್ಥವಿದೆ. ಹಬ್ಬ, ಮೆರವಣಿಗೆ ಬಂತೆಂದರೆ ಬಂದೋಬಸ್ತಿನ ಮಾತು ಮೊದಲು ಕೇಳುವ ಊರು ನಮ್ಮದು. ಹದಿನೈದು ಹದಿನಾರರ ಮಕ್ಕಳಿದ್ದರೆ ಅವರ ಜೊತೆ ಕೂತು ನೋಡಿ, ಉಪದೇಶ ಮಾಡುವ ಅಗತ್ಯ ಬೀಳುವುದಿಲ್ಲ.

ಆಯ್ಕೆ ಸುಲಭ: ಮಕ್ಕಳ ಜೊತೆ ಮುಸ್ತಾಫಾ. ಪಿಂಚಣಿ ಹತ್ತಿರ ಬಂದ ಸರ್ಕಾರಿ ನೌಕರರಿಗೆ ಮಾತ್ರ ತಬರನ ಕಥೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ನಮ್ಮ ಭಾವ ನೋಡಿ ಎರಡು ದಿನ ಸರ್ವೀಸ್ ರಿಜಿಸ್ಟರ್ ಹುಡುಕಾಡಿದರು.

ಹೊಸತು ಬೇಕೆಂದರೆ: ಕೆರೆಬೇಟೆಯೋ, ಶಾಖಾಹಾರಿಯೋ?

ಎರಡೂ 2024ರ ಫೆಬ್ರವರಿ, ಮಾರ್ಚಿನಲ್ಲಿ ಒಂದರ ಬೆನ್ನಿಗೆ ಒಂದು ಬಂದವು. ಎರಡೂ ನಮ್ಮ ಕಡೆಯವು, ದೊಡ್ಡ ಸ್ಟಾರ್ ಇಲ್ಲದವು.

'ಕೆರೆಬೇಟೆ' ನಿರ್ದೇಶಕ ರಾಜ್‌ಗುರು, ನಾಯಕ ಗೌರಿಶಂಕರ್. ಸೊರಬ, ಸಾಗರ ಕಡೆಯವರಿಗೆ ಕೆರೆಬೇಟೆ ಏನೆಂದು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ದಿನ ಗೊತ್ತುಮಾಡುತ್ತಾರೆ, ಸುತ್ತೂರಿನವರು ಕೂಣಿ ಹಿಡಿದು ದಡದಲ್ಲಿ ಸಾಲಾಗಿ ನಿಲ್ಲುತ್ತಾರೆ, ಸೂಚನೆ ಸಿಕ್ಕ ಕೂಡಲೇ ಒಟ್ಟಿಗೆ ಕೆರೆಗೆ ನುಗ್ಗುತ್ತಾರೆ. ಕೂಣಿ ಅಂದರೆ ಬಿದಿರಿನದು, ಕೆಳಗೆ ಅಗಲ, ಮೇಲೆ ಕೈ ತೂರುವಷ್ಟು ಬಾಯಿ. ಕೆಸರಿಗೆ ಒತ್ತಿ, ಒಳಗೆ ಮೀನು ಬಡಿದುಕೊಂಡದ್ದು ಗೊತ್ತಾದರೆ ಮೇಲಿನಿಂದ ಕೈ ಹಾಕಿ ಹಿಡಿಯಬೇಕು. ಈ ದೃಶ್ಯ ಬಂದಾಗ ಟಾಕೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಎರಡೂ ಕೈ ಮುಂದೆ ಚಾಚಿ, ಮುಂದಿನ ಸೀಟಿನ ಬೆನ್ನಿಗೇ ಕೂಣಿ ಒತ್ತಿ, "ಹಿಂಗ್ ಒತ್ಬೇಕು, ಓರೆ ಮಾಡಿದ್ರೆ ಹೋತು" ಎಂದು ಹೆಂಡತಿಗೆ ಪಾಠ ಮಾಡಿದರು. ಮುಂದೆ ಕೂತವರು ತಿರುಗಿ ನೋಡಿದ್ದಕ್ಕೂ ಅವರಿಗೆ ಗಮನವಿರಲಿಲ್ಲ. ಅಷ್ಟು ಸಾಕು ಚಿತ್ರಕ್ಕೆ ಸರ್ಟಿಫಿಕೇಟು. ಮಾತೂ ನಮ್ಮ ಕಡೆಯದೇ, ಬೆಂಗಳೂರಿನಲ್ಲಿ ಕೂತು ಬರೆದ 'ಮಲೆನಾಡು ಭಾಷೆ' ಅಲ್ಲ. ಕಥೆಯಲ್ಲಿ ಪ್ರೀತಿಗೆ ಜಾತಿ ಅಡ್ಡ ಬರುವ ಭಾಗ ನಾವು ಕಂಡದ್ದೇ, ಆದರೆ ಕೊನೆಯ ಅರ್ಧ ಗಂಟೆ ಬಿಗಿಯಾಗಿದೆ. ಗೋವಾ ಚಿತ್ರೋತ್ಸವದ ಇಂಡಿಯನ್ ಪನೋರಮಾಕ್ಕೂ ಆಯ್ಕೆಯಾಯಿತು.

ಸಂದೀಪ್ ಸುಂಕದ್ ಅವರ 'ಶಾಖಾಹಾರಿ' ಒಂದು ಸಣ್ಣ ಹೋಟೆಲಿನ ಕಥೆ. ಅಡುಗೆ ಭಟ್ಟ ಸುಬ್ಬಣ್ಣನಾಗಿ ರಂಗಾಯಣ ರಘು. ಕೂಗಾಡುವ ಪಾತ್ರಗಳಲ್ಲೇ ಅವರನ್ನು ನೋಡಿ ಬೇಸತ್ತವರು ಇದನ್ನು ನೋಡಲೇಬೇಕು. ತನ್ನ ಪಾಡಿಗೆ ಒಲೆ ಮುಂದೆ ನಿಲ್ಲುವ ಆ ಮನುಷ್ಯನ ಮೌನದೊಳಗೆ ಏನು ಬೇಯುತ್ತಿದೆ ಎಂಬ ಅನುಮಾನ ಮೆಲ್ಲಗೆ ಏರುತ್ತದೆ. ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ, ಅವರೂ ಸುಸ್ತಾದ ಮನುಷ್ಯನೇ. ಕೊಲೆ, ತನಿಖೆ ಎಲ್ಲ ಇದ್ದರೂ ಯಾರಿಗೂ ಅವಸರವಿಲ್ಲ. ಕೆಲವರಿಗೆ ಇದೇ ಕಷ್ಟವಾದೀತು. ಹೆಸರು ನೋಡಿ ಮಡಿಯವರ ಸಿನಿಮಾ ಎಂದು ಅತ್ತೆಯನ್ನು ಕೂರಿಸಿದರೆ ಆಮೇಲೆ ನನ್ನನ್ನು ಬಯ್ಯಬೇಡಿ.

ನನ್ನ ಆಯ್ಕೆ ಶಾಖಾಹಾರಿ, ರಘು ಅವರಿಗಾಗಿ. ಸೊರಬದವರು ಕೇಳುವುದಿಲ್ಲ, ಅವರಿಗೆ ಕೆರೆಬೇಟೆಯೇ.

ಬಿಟ್ಟವು, ಬಿಡಬಾರದವು

'ಕಾಂತಾರ'ವನ್ನು ಇಲ್ಲಿ ಸೇರಿಸಿಲ್ಲ. ಅದು ಘಟ್ಟದ ಕೆಳಗಿನ ಲೆಕ್ಕ, ಅಲ್ಲಿಯವರು ಬರೆಯಲಿ. 'ಕಾನೂರು ಹೆಗ್ಗಡಿತಿ'ಯನ್ನು ಕಾರ್ನಾಡರು 1999ರಲ್ಲಿ ಚಿತ್ರ ಮಾಡಿದರು, ತಾರಾ ಚೆನ್ನಾಗಿ ಮಾಡಿದ್ದಾರೆ. ಆದರೆ ಕುವೆಂಪು ಕಾದಂಬರಿಯ ಕಾಡು ಎರಡು ಗಂಟೆಯೊಳಗೆ ಹಿಡಿಸುವಂಥದ್ದಲ್ಲ. ಸಿನಿಮಾವೋ ಪುಸ್ತಕವೋ ಎಂದರೆ ಪುಸ್ತಕ.

ಇವನ್ನೆಲ್ಲ ಒಟ್ಟಿಗೆ ಕೂತು ನೋಡುವ ಅಭ್ಯಾಸ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ತೋಟದ ಕೆಲಸ ಮುಗಿಸಿ ಬಂದವರಿಗೆ ಜಪಾನು, ಇಟಲಿಯ ಸಿನಿಮಾ ತೋರಿಸಿದ್ದರು. ನಾಲ್ಕು ಮನೆಯವರು ಸೇರಿ ತಿಂಗಳಿಗೊಂದು ನೋಡುವುದು ಕಷ್ಟದ ಕೆಲಸವಲ್ಲ. ಮಳೆಗಾಲದಲ್ಲಾದರೆ ಕರೆಂಟು ಹೋಗುವ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಟಿಟಿಯಲ್ಲಿ ಇವತ್ತು ಇದ್ದದ್ದು ಮುಂದಿನ ತಿಂಗಳು ಇರುತ್ತದೆಂದು ನಂಬಬೇಡಿ.

ಸಣ್ಣ ಮಕ್ಕಳಿಗೆ ಏನು ಎಂದು ಕೇಳಿದರೆ ಎರಡು ಹೇಳುತ್ತೇನೆ. 1985ರ 'ಬೆಟ್ಟದ ಹೂವು', ಪುನೀತ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದದ್ದು. ಕಾಡಿನ ಹೂವು ತಂದು ಮಾರಿ ಹತ್ತು ರೂಪಾಯಿ ಕೂಡಿಸಿ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಹಟ ಹಿಡಿದ ಹುಡುಗನ ಕಥೆ, ಎನ್. ಲಕ್ಷ್ಮೀನಾರಾಯಣ ನಿರ್ದೇಶನ. ಪುಸ್ತಕವೋ ಮನೆಯ ಅಗತ್ಯವೋ ಎಂಬಲ್ಲಿಗೆ ಬಂದಾಗ ಮಕ್ಕಳು ಟಿ.ವಿ. ಕಡೆಯಿಂದ ನಮ್ಮ ಮುಖ ನೋಡುತ್ತಾರೆ, ಉತ್ತರ ತಯಾರಿಟ್ಟುಕೊಳ್ಳಿ. ಇನ್ನೊಂದು ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್', ಅದು ಧಾರಾವಾಹಿ, ಒಂದೊಂದು ಕಂತು ಚಿಕ್ಕದು, ಊಟದ ಹೊತ್ತಿಗೆ ಸರಿಹೋಗುತ್ತದೆ. ಒಂದೇ ಸಂಜೆ ಬಿಡುವಿದ್ದರೆ ಬೆಟ್ಟದ ಹೂವು. ಇಡೀ ದಸರಾ ರಜೆ ಮಕ್ಕಳು ಮನೆಯಲ್ಲೇ ಇರುತ್ತಾರೆ ಎಂದರೆ ಮಾಲ್ಗುಡಿ, ಮತ್ತು ಒಂದು ದಿನ ಸಾಗರದ ದಾರಿಯಲ್ಲಿ ಅರಸಾಳಿಗೆ ಕರೆದುಕೊಂಡು ಹೋಗಿ. ಅಲ್ಲಿಯ ಹಳೆ ರೈಲು ನಿಲ್ದಾಣವನ್ನು ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.